ಬದಲಿ ಅಕ್ಕನಿಗೆ ವಿಶ್ರಾಂತಿ

ಆ ದಿನಸಿ ಅಂಗಡಿಗೆ ಯಜಮಾನ ಅಂತ ಒಬ್ಬ ಇರಲಿಲ್ಲ. ಎಂಬತ್ತು ಮನೆಯವರು ಸೇರಿ ಕಟ್ಟಿಕೊಂಡ ಸಹಕಾರ ಸಂಘ ಅದು, ಆದ್ದರಿಂದ ಯಜಮಾನರು ಎಂಬತ್ತು ಮಂದಿ. ಕಸ ಯಾರು ಗುಡಿಸುತ್ತೀರಿ ಎಂದು ಕೇಳಿದರೆ ಮಾತ್ರ ಎಂಬತ್ತು ಜನವೂ ಪಕ್ಕದವರ ಮುಖ ನೋಡುತ್ತಿದ್ದರು. ಸಂಬಳಕ್ಕೆ ಇದ್ದವನು ಮ್ಯಾನೇಜರ್ ಒಬ್ಬನೇ. ಮೂಟೆ ಬಿಚ್ಚುವುದು, ಬೇಳೆ ತೂಗಿ ಪೊಟ್ಟಣ ಕಟ್ಟುವುದು, ಹಳೆಯ ಸರಕು ಮುಂದಕ್ಕೂ ಹೊಸದು ಹಿಂದಕ್ಕೂ ಬರುವಂತೆ ಅಟ್ಟಣೆ ಜೋಡಿಸುವುದು, ಕೌಂಟರಿನಲ್ಲಿ ನಿಲ್ಲುವುದು, ಇವೆಲ್ಲ ಸದಸ್ಯರದೇ ಕೆಲಸ. ಮನೆಗೊಬ್ಬರಂತೆ ತಿಂಗಳಿಗೆ ಮೂರು ಗಂಟೆಯ ಒಂದು ಪಾಳಿ. ಪಾಳಿಯ ಪಟ್ಟಿ ಬಾಗಿಲ ಪಕ್ಕದ ಗೋಡೆಯ ಮೇಲೆ ತೂಗುತ್ತಿತ್ತು. ಬರಲಾಗದವರು ತಮ್ಮ ಹೆಸರಿನ ಎದುರು 'ಬದಲಿ ಬೇಕು' ಎಂದು ಬರೆದರೆ ಸಾಕು, ಬಿಡುವಿದ್ದ ಇನ್ನೊಬ್ಬ ಸದಸ್ಯರು ಕೆಳಗೆ ರುಜು ಹಾಕಿ ಅವರ ಪಾಳಿ ಮಾಡಿಕೊಡಬಹುದಿತ್ತು.

ಆ ಬಿಡುವಿದ್ದ ಇನ್ನೊಬ್ಬ ಸದಸ್ಯರು ಎಂದರೆ ಯಾವಾಗಲೂ ಒಬ್ಬಳೇ. ಅವಳ ನಿಜವಾದ ಹೆಸರು ಸದಸ್ಯರ ಪುಸ್ತಕದಲ್ಲಿ ಇದ್ದಿರಬೇಕು. ಬಾಯಲ್ಲಿ ಮಾತ್ರ ಎಲ್ಲರಿಗೂ ಬದಲಿ ಅಕ್ಕ. ತಿಂಗಳ ಮೊದಲ ದಿನ ಪಟ್ಟಿ ತೂಗುಹಾಕಿದರೆ ಮೂರನೆಯ ದಿನಕ್ಕೆ ಅರ್ಧಕ್ಕೂ ಹೆಚ್ಚು ಮನೆಗಳ ಎದುರು ಅವಳ ಸಣ್ಣ ರುಜು ಬಿದ್ದಿರುತ್ತಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಬಂದವಳು ಎರಡು ಪಾಳಿ ಮುಗಿಸಿ ಮಧ್ಯಾಹ್ನ ಮೂರಕ್ಕೆ ಹೊರಡುತ್ತಿದ್ದಳು.

ಬಂದ ಗಳಿಗೆಯಿಂದ ಹೊರಡುವ ಗಳಿಗೆಯವರೆಗೆ ಅವಳ ಬಾಯಿ ಸುಮ್ಮನಿರುತ್ತಿರಲಿಲ್ಲ. ಅಕ್ಕಿ ತೂಗುತ್ತ ಅಕ್ಕಿಯ ಜೊತೆ ಮಾತು, ಎಣ್ಣೆ ಡಬ್ಬದ ನಲ್ಲಿ ಕಟ್ಟಿಕೊಂಡರೆ ಅದರ ಜೊತೆ ಜಗಳ. ಕಣ್ಣು ಮಂಜಾದ ವಕೀಲರಿಗೆ ಪ್ರತಿ ಡಬ್ಬದ ಮೇಲಿನ ಸಣ್ಣಕ್ಷರ ಓದಿ ಹೇಳುತ್ತಿದ್ದಳು, ಅವರು ಕೇಳದಿದ್ದ ಡಬ್ಬದ್ದೂ. ಟೈಲರಮ್ಮನಿಗೆ ಒಡೆದ ಕಾಳು ಆಗುವುದಿಲ್ಲವೆಂದು ಆರಿಸಿಟ್ಟು, ಆರಿಸಿದ ಕತೆಯನ್ನೂ ಸೇರಿಸಿಯೇ ಕೊಡುತ್ತಿದ್ದಳು. "ಅಕ್ಕಾ, ರೇಡಿಯೋಗಾದ್ರೂ ಒಂದು ಗುಂಡಿ ಇರತ್ತೆ, ನಿಮಗೆ ಅದೂ ಇಲ್ವಲ್ಲ," ಎಂದು ಮ್ಯಾನೇಜರ್ ನಗುತ್ತಿದ್ದ. ಅವಳೂ ನಗುತ್ತಿದ್ದಳು. ನಗಾಡುತ್ತಲೇ ಮುಂದಿನ ಮಾತು ಶುರುವಾಗುತ್ತಿತ್ತು.

ಅವಳ ಮನೆ ಕಂಡವರಿಗೆ ಇದರಲ್ಲಿ ಆಶ್ಚರ್ಯವಿರಲಿಲ್ಲ, ಆದರೆ ಕಂಡವರು ಯಾರೂ ಇರಲಿಲ್ಲ. ಅವಳ ಗಂಡ ಒಂದು ಕಾರ್ಖಾನೆಯಲ್ಲಿ ರಾತ್ರಿ ಪಹರೆಯವನು. ಇಪ್ಪತ್ತೆರಡು ವರ್ಷಗಳಿಂದ ರಾತ್ರಿ ಡ್ಯೂಟಿ. ಬೆಳಿಗ್ಗೆ ಏಳಕ್ಕೆ ಬಂದು, ಅರ್ಧ ಕಣ್ಣು ಮುಚ್ಚಿಕೊಂಡೇ ತಿಂಡಿ ತಿಂದು, ಎಂಟಕ್ಕೆ ಮಲಗಿದರೆ ಸಂಜೆ ನಾಲ್ಕಕ್ಕೆ ಏಳುವನು. ಎದ್ದು ಸ್ನಾನ, ಊಟ, ಬೂಟು, ಬ್ಯಾಟರಿ ಅನ್ನುವಷ್ಟರಲ್ಲಿ ಆರಾಗಿ ಹೊರಟೇ ಬಿಡುತ್ತಿದ್ದ. ಒಳ್ಳೆಯ ಮನುಷ್ಯ, ಒಂದು ಕೆಟ್ಟ ಮಾತು ಆಡಿದವನಲ್ಲ. ಒಳ್ಳೆಯ ಮಾತು ಆಡಲಿಕ್ಕೂ ಅವನಿಗೆ ಹೊತ್ತಿರಲಿಲ್ಲ, ಅಷ್ಟೆ.

ಎರಡು ಕೋಣೆಯ ಮನೆ. ಹಗಲಿಡೀ ಒಂದರಲ್ಲಿ ನಿದ್ರೆ. ಆದ್ದರಿಂದ ಅವಳು ಸದ್ದಿಲ್ಲದೆ ಬದುಕುವುದನ್ನು ಕಲಿತಿದ್ದಳು. ನಲ್ಲಿಯ ಬಾಯಿಗೆ ಬಟ್ಟೆಯ ತುಂಡು ಕಟ್ಟಿ ನೀರು ಅದರಗುಂಟ ಇಳಿಯುವಂತೆ ಮಾಡಿದ್ದಳು. ಸೀಟಿ ಹೊಡೆಯುತ್ತದೆಂದು ಕುಕ್ಕರನ್ನು ಮಂಚದ ಕೆಳಗೆ ತಳ್ಳಿ ಆಯಿತು ಹದಿನೈದು ವರ್ಷ. ಕರೆಗಂಟೆಯ ತಂತಿಯನ್ನು ತಾನೇ ಕಿತ್ತಿದ್ದಳು. ಟಿವಿಯನ್ನು ಧ್ವನಿ ತೆಗೆದು ನೋಡುತ್ತ ನಾಯಕಿಯ ಮಾತನ್ನೂ ವಿಲನ್ನಿನ ಮಾತನ್ನೂ ತಾನೇ ತುಟಿಯಲ್ಲಿ ಆಡಿಕೊಳ್ಳುತ್ತಿದ್ದಳು, ಅವಳ ಕತೆಗಳಲ್ಲಿ ವಿಲನ್ ಪಾಪದವನಾಗಿ ಬಿಡುತ್ತಿದ್ದ. ರಾತ್ರಿ ಸದ್ದು ಮಾಡಬಹುದಿತ್ತು, ಆದರೆ ಯಾರಿಗೆಂದು ಮಾಡುವುದು? ಮಕ್ಕಳಾಗಲಿಲ್ಲ. ಮಗು ಇದ್ದಿದ್ದರೆ ಅತ್ತು ಅವರ ನಿದ್ದೆ ಕೆಡಿಸುತ್ತಿತ್ತು ಎಂದು ಒಮ್ಮೆ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಆ ಸಮಾಧಾನದಿಂದ ಒಂದು ವಾರ ಊಟ ಸೇರಲಿಲ್ಲ.

ಹೀಗಿದ್ದವಳಿಗೆ ಅಂಗಡಿ ಸಿಕ್ಕಿತ್ತು. ದಿನಕ್ಕೆ ಆರು ಗಂಟೆ, ಬಾಯಿ ತುಂಬ ಮಾತು. ಜನ ಅವಳ ಉಪಕಾರದ ಹೊರೆ ಹೊತ್ತವರಂತೆ ಕೈ ಮುಗಿಯುತ್ತಿದ್ದರು. ಉಪಕಾರ ಯಾರಿಂದ ಯಾರಿಗೆ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು, ಅವಳು ಹೇಳಲಿಲ್ಲ.

ವರ್ಷದ ಮಹಾಸಭೆ ಒಂದು ಭಾನುವಾರ ಅಂಗಡಿಯ ಹಿಂದಿನ ಗೋದಾಮಿನಲ್ಲಿ ನಡೆಯಿತು. ಸಂಘದ ಅಧ್ಯಕ್ಷೆ ನಿವೃತ್ತ ಹೆಡ್‌ಮಿಸ್ಟ್ರೆಸ್. ಅವರು ಎದ್ದು ನಿಂತರೆ ಈಗಲೂ ಹಿಂದಿನ ಸಾಲಿನವರು ಕಾಲು ಜೋಡಿಸಿಕೊಳ್ಳುತ್ತಿದ್ದರು. ಅಂದು ಅವರ ಕೈಯಲ್ಲಿ ಹನ್ನೆರಡು ತಿಂಗಳ ಪಾಳಿ ಪಟ್ಟಿ ಇತ್ತು.

"ಬೋರ್ಡಿನ ಮೇಲೆ 'ನಮ್ಮೆಲ್ಲರ ಅಂಗಡಿ' ಅಂತ ದೊಡ್ಡದಾಗಿ ಬರೆಸಿದೀವಿ," ಎಂದರು. "ಹೋದ ತಿಂಗಳು ಎಂಬತ್ತು ಪಾಳಿಲಿ ಐವತ್ತು ಪಾಳಿ ಮಾಡಿರೋದು ಒಬ್ಬರೇ. ಒಂದು ವರ್ಷದಿಂದ ಕೌಂಟರಿನ ಒಳಗಡೆ ಕಾಲೇ ಇಡದವರು ನಲವತ್ತು ಮನೆಯವರಿದೀರಿ. ಇದನ್ನ ಸಂಘ ಅಂತಾರಾ? ಸಂಬಳ ಕೊಡದೆ ಒಬ್ಬ ಆಳನ್ನ ಇಟ್ಕೊಂಡಿದೀವಿ ಅಂತಾರೆ. ನನಗಂತೂ ನಾಚಿಕೆ ಆಗತ್ತೆ."

ನಲವತ್ತು ಮನೆಯವರು ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಬದಲಿ ಅಕ್ಕ ತಲೆ ಎತ್ತಿ ಅಧ್ಯಕ್ಷೆಯ ಕೈಯ ಪಟ್ಟಿಯನ್ನೇ ನೋಡಿದಳು.

"ಅವರಾಗೇ ಮಾಡ್ತಾರಲ್ಲ ಮೇಡಂ, ಯಾರೂ ಬಲವಂತ ಮಾಡಿಲ್ಲ," ಎಂದರು ವಕೀಲರು.

"ಅವರು ಒಳ್ಳೆಯವರು ಅಂತ ನಾವು ತಲೆ ಮೇಲೆ ಹತ್ತಿ ಕೂತ್ಕೊಳ್ಳೋದಾ?"

ಹೆಡ್‌ಮಿಸ್ಟ್ರೆಸ್ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದೇ ತೊಂದರೆ. ತಪ್ಪಿದ್ದಿದ್ದರೆ ಯಾರಾದರೂ ಎದ್ದು ವಾದಿಸುತ್ತಿದ್ದರು, ಅವಳಿಗೂ ಒಂದು ದಾರಿ ಸಿಗುತ್ತಿತ್ತು. ಬದಲಿ ಪದ್ಧತಿ ರದ್ದು, ವಯಸ್ಸಾದವರಿಗೂ ಕಾಯಿಲೆಯವರಿಗೂ ಮಾಫಿ, ಉಳಿದ ಪ್ರತಿ ಮನೆಯಿಂದ ತಿಂಗಳಿಗೆ ಒಂದೇ ಪಾಳಿ, ಒಂದಕ್ಕಿಂತ ಹೆಚ್ಚು ಯಾರೂ ಮಾಡುವಂತಿಲ್ಲ ಎಂದು ನಿರ್ಣಯ ಓದಿದರು. ಕೊನೆಗೆ ದನಿ ಸ್ವಲ್ಪ ಒದ್ದೆ ಮಾಡಿಕೊಂಡು, "ಇದು ನಾವೆಲ್ಲ ಸೇರಿ ನಮ್ಮ ಅಕ್ಕನಿಗೆ ಕೊಡ್ತಿರೋ ವಿಶ್ರಾಂತಿ ಅಂತ ತಿಳ್ಕೊಳ್ಳಿ," ಎಂದರು.

ಅಷ್ಟು ಕೇಳಿದ್ದೇ ತಡ, ಗೋದಾಮಿಗೆ ಗೋದಾಮೇ ಕರಗಿ ಹೋಯಿತು. ವರ್ಷವಿಡೀ ಅವಳ ಹೆಗಲ ಮೇಲೆ ಪಾಳಿ ಹೊರಿಸಿದವರೇ ಮೊದಲು ಕೈ ಎತ್ತಿದರು. ಯಾರೋ ಚಪ್ಪಾಳೆ ಶುರು ಮಾಡಿದರು, ಎಲ್ಲರೂ ಎದ್ದು ನಿಂತರು. ಟೈಲರಮ್ಮ ಓಡಿ ಬಂದು ಅವಳ ಎರಡೂ ಕೈ ಹಿಡಿದುಕೊಂಡಳು. "ಅಕ್ಕಾ, ಇಷ್ಟು ದಿನ ನಮ್ಮನ್ನೆಲ್ಲ ಸಾಕಿದ್ರಿ. ಇನ್ನಾದ್ರೂ ಮನೇಲಿ ಆರಾಮಾಗಿರಿ."

"ಅಕ್ಕ ಒಂದೆರಡು ಮಾತಾಡ್ಬೇಕು," ಎಂದು ಮ್ಯಾನೇಜರ್ ಕೂಗಿದ.

ಐವತ್ತರವತ್ತು ಮುಖಗಳು ಪ್ರೀತಿಯಿಂದ ಅವಳನ್ನೇ ನೋಡುತ್ತಿದ್ದವು. ನನಗೆ ವಿಶ್ರಾಂತಿ ಬೇಡ, ನನಗೆ ಅದೇ ಬೇಕಾದಷ್ಟಿದೆ, ನನ್ನನ್ನು ಮನೆಗೆ ಕಳಿಸಬೇಡಿ ಎಂದು ಹೇಳಬೇಕಿತ್ತು. ಆದರೆ ಹಾಗೆ ಹೇಳಿದರೆ ಮನೆಯಲ್ಲಿ ಏನಿದೆ ಎಂದೂ ಹೇಳಬೇಕಾಗುತ್ತಿತ್ತು, ರಾತ್ರಿಯಿಡೀ ದುಡಿದು ಬಂದು ಮಲಗುವ ಪಾಪದ ಮನುಷ್ಯನ ಮೇಲೆ ದೂರು ಹೇಳಿದಂತಾಗುತ್ತಿತ್ತು. ಇಡೀ ದಿನ ಬಡಬಡಿಸುವ ಹೆಂಗಸಿಗೆ ಬೇಕಾದ ಹೊತ್ತಿನಲ್ಲಿ ಸಿಕ್ಕಿದ್ದು ಎರಡೇ ಮಾತು. "ಎಲ್ಲರಿಗೂ ಒಳ್ಳೇದಾಗ್ಲಿ," ಎಂದಳು. ಮತ್ತೆ ಚಪ್ಪಾಳೆ ಬಿತ್ತು. ಹಾಗೆ ಹರಸುವಾಗ ಅವಳ ಕೈಯೂ ಮೇಲೆದ್ದಿದ್ದರಿಂದ ನಿರ್ಣಯ ಸರ್ವಾನುಮತದಿಂದ ಪಾಸಾಯಿತು ಎಂದು ಮ್ಯಾನೇಜರ್ ಬರೆದುಕೊಂಡ.

ಮರುದಿನ ಬೆಳಿಗ್ಗೆ ತಿಂಡಿಯ ಹೊತ್ತಿನಲ್ಲಿ ಗಂಡನಿಗೆ ಹೇಳಿದಳು.

"ಅಂಗಡಿ ಕೆಲಸ ಬೇಡ ಅಂದ್ರು ಕಣ್ರೀ. ತಿಂಗಳಿಗೆ ಮೂರೇ ಗಂಟೆ ಅಂತೆ."

"ಒಳ್ಳೇದಾಯ್ತಲ್ಲ," ಎಂದ ಅವನು, ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿಕೊಂಡೇ. "ಎಷ್ಟು ಅಂತ ಓಡಾಡ್ತೀಯ. ನೀನೂ ಸ್ವಲ್ಪ ಮಲಕ್ಕೋ."

"ನಂಗೆ ಹಗಲು ನಿದ್ದೆ ಬರಲ್ಲ."

ಕೂತಲ್ಲೇ ತೂಕಡಿಸುತ್ತಿದ್ದವನನ್ನು ಕೈ ತೊಳೆಸಿ ಹಾಸಿಗೆಗೆ ಕಳಿಸಿ ಬಾಗಿಲು ಮುಂದೆ ಮಾಡಿದಳು. ನಂತರ ಅಡುಗೆಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಳು. ಗಂಟೆ ಎಂಟೂಕಾಲು. ಪಾತ್ರೆ ಮುಗಿದಾಗ ಎಂಟೂಮುಕ್ಕಾಲು. ಅಟ್ಟಣೆಯ ಡಬ್ಬಗಳನ್ನೆಲ್ಲ ಇಳಿಸಿ, ಒರೆಸಿ, ಹಳೆಯದು ಮುಂದಕ್ಕೂ ಹೊಸದು ಹಿಂದಕ್ಕೂ ಬರುವಂತೆ ಜೋಡಿಸಿದಳು. ಆಗ ಒಂಬತ್ತೂವರೆ. ಬೀದಿಯಲ್ಲಿ ಹೋಗುವವರ ಮಾತು ಕೇಳುತ್ತದೇನೋ ಎಂದು ಕಿಟಕಿಯ ಬಳಿ ನಿಂತಳು, ಕಿಟಕಿ ತೆರೆದರೆ ಸದ್ದು ಒಳಗೆ ಬರುತ್ತದೆಂದು ತೆರೆಯಲಿಲ್ಲ. ಎರಡನೆಯ ದಿನವೂ ಹೀಗೇ, ಮೂರನೆಯ ದಿನವೂ ಹೀಗೇ. ಹೊಸ ಪಟ್ಟಿಯಲ್ಲಿ ಅವಳ ಪಾಳಿ ಇಪ್ಪತ್ತೇಳನೆಯ ತಾರೀಖು ಎಂದು ಮ್ಯಾನೇಜರ್ ಆಗಲೇ ಹೇಳಿದ್ದ. ಬೆರಳು ಮಡಚಿ ಎಣಿಸಿದಳು, ಬೆರಳು ಸಾಲಲಿಲ್ಲ. ಮೂರನೆಯ ದಿನ ಸಂಜೆ ಅವಳು ಬ್ಯಾಟರಿ ತಗೊಂಡ್ರಾ ಎಂದಾಗ ಗಂಡ ಬೂಟಿನ ದಾರ ಕಟ್ಟುತ್ತ, "ಯಾಕೆ ಗಂಟಲು ಕಟ್ಟಿದೆ?" ಎಂದು ಕೇಳಿದ. ಇಡೀ ದಿನದಲ್ಲಿ ಅದೇ ಮೊದಲ ಸಲ ಅವಳು ಬಾಯಿ ಬಿಟ್ಟಿದ್ದು.

ನಾಲ್ಕನೆಯ ದಿನ ಮನೆಯಲ್ಲಿ ಸಕ್ಕರೆ ಮುಗಿದಿತ್ತು. ನಿಜ ಹೇಳಬೇಕೆಂದರೆ ಮುಗಿದಿರಲಿಲ್ಲ, ಅರ್ಧ ಡಬ್ಬ ಇತ್ತು. ಚೀಲ ಹಿಡಿದು ಹೊರಟಳು. ಪಾಳಿ ಮಾಡುವಂತಿಲ್ಲ ಎಂದಿದ್ದರೇ ಹೊರತು ಸಾಮಾನು ಕೊಳ್ಳುವಂತಿಲ್ಲ ಎಂದಿರಲಿಲ್ಲವಲ್ಲ.

ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಲಾರಿ ಬಂದಿದ್ದರಿಂದ ಮ್ಯಾನೇಜರ್ ಹಿಂದಿನ ಗೋದಾಮಿನಲ್ಲಿ ಮೂಟೆ ಇಳಿಸಿಕೊಳ್ಳುತ್ತಿದ್ದ. ಕೌಂಟರಿನಲ್ಲಿ ನಿಂತಿದ್ದವರು ಹಲ್ಲಿನ ಡಾಕ್ಟರು. ಅವರನ್ನು ನೋಡಿದ ಕೂಡಲೇ ಗುರುತು ಹಿಡಿದಳು. ದೊಡ್ಡ ರಸ್ತೆಯ ಕ್ಲಿನಿಕ್ಕಿನ ಬೋರ್ಡಿನಲ್ಲಿ ಮೂವತ್ತೆರಡೂ ಹಲ್ಲು ತೋರಿಸಿಕೊಂಡು ನಿಂತಿರುವ ಮುಖ. ಸಾಮಾನು ಒಯ್ಯಲು ಯಾವಾಗಲೂ ಅವರ ಅತ್ತೆ ಬರುತ್ತಿದ್ದರು, ಇವರು ಬಂದದ್ದಿಲ್ಲ. ನಾಲ್ಕು ವರ್ಷ ತಿಂಗಳು ತಪ್ಪದೆ ಅವರ ಹೆಸರಿನ ಕೆಳಗೆ ಇವಳು ರುಜು ಹಾಕಿದ್ದಳು. ಈಗ ಅವರು ತಕ್ಕಡಿಯ ಮುಂದೆ ನಿಂತು, ಅದರ ಬಾಯೊಳಗೆ ಏನೋ ಹುಡುಕುವವರಂತೆ ಬಗ್ಗಿ ನೋಡುತ್ತಿದ್ದರು. ತಟ್ಟೆ ತಿರುಗುಮುರುಗಾಗಿ ಕೂತಿದೆ ಎಂದು ಹೇಳಲು ಅವಳ ನಾಲಿಗೆ ತುರಿಸಿತು. ಸದಸ್ಯರ ಚೀಟಿಯನ್ನು ತೆಗೆಯಲು ಚೀಲಕ್ಕೆ ಕೈ ಹಾಕಿದಳು.

"ಬನ್ನಿ ಬನ್ನಿ," ಎಂದರು ಡಾಕ್ಟರು, ಯಾರಾದರೂ ಬಂದರಲ್ಲ ಎಂಬ ಖುಷಿಯಲ್ಲಿ. "ಹೊಸ ಸದಸ್ಯರಾ? ನಿಮ್ಮನ್ನ ಇಲ್ಲಿ ನೋಡಿದ ಹಾಗಿಲ್ಲ."

ಚೀಟಿಯ ಅಂಚು ಅವಳ ಬೆರಳಿಗೆ ತಾಗಿತ್ತು. ಎಲ್ಲಿತ್ತೋ ಅಲ್ಲೇ ಬಿಟ್ಟಳು.

"ಹೌದು, ಹೊಸಬಳು," ಎಂದಳು.

"ಹಾಗಾದ್ರೆ ಬನ್ನಿ, ಎಲ್ಲಾ ತೋರಿಸ್ತೀನಿ. ನಾನೂ ಒಂಥರಾ ಹೊಸಬನೇ ಅನ್ಕೊಳ್ಳಿ."

ದಿನವಿಡೀ ಬಾಯಿ ತೆರೆದು ಕೂತವರ ಎದುರು ಮಾತಾಡಿ ಅಭ್ಯಾಸವಾದ ಮನುಷ್ಯ, ತಡೆಯುವವರು ಯಾರಿದ್ದಾರೆ! ಸಾಲು ಸಾಲಾಗಿ ಕರೆದುಕೊಂಡು ಹೋದರು. ಇಲ್ಲಿ ಅಕ್ಕಿ, ಇಲ್ಲಿ ಬೇಳೆ, ಈ ಡಬ್ಬದಲ್ಲಿ ಎಣ್ಣೆ, ಶೀಶೆ ನಾವೇ ತರಬೇಕು. ಸೋಪಿನ ಪುಡಿಯನ್ನು ಹಿಟ್ಟು ಎಂದರು, ಅವಳು ಹೌದಾ ಎಂದಳು. ಮೂರು ದಿನದ ಮೇಲೆ ಒಬ್ಬರು ಅವಳ ಮುಖ ನೋಡಿ ಮಾತಾಡುತ್ತಿದ್ದರು. ತಿದ್ದಿದರೆ ನಿಲ್ಲಿಸಿಬಿಟ್ಟಾರು ಎಂದು ಅವಳಿಗೆ ಹೆದರಿಕೆಯಾಯಿತು.

"ತಿಂಗಳಿಗೆ ಮೂರು ಗಂಟೆ ನೀವೂ ಬಂದು ಕೆಲಸ ಮಾಡ್ಬೇಕಾಗತ್ತೆ," ಎಂದರು. "ಮುಂಚೆ ಒಬ್ಬರು ಹೆಂಗಸಿದ್ರಂತೆ, ಎಲ್ಲರ ಪಾಳಿನೂ ಅವರೇ ಮಾಡೋರಂತೆ. ನಂದೂ ಅವರೇ ಮಾಡಿದ್ದು. ಈಗ ಅದನ್ನೆಲ್ಲ ನಿಲ್ಸಿದಾರೆ."

"ಯಾರು ಅವರು?"

"ಯಾರೋ ಗೊತ್ತಿಲ್ಲಮ್ಮ, ನಾನಂತೂ ನೋಡಿಲ್ಲ. ಪಾಪ, ಮನೇಲಿ ಯಾರೂ ಇಲ್ಲ ಅನ್ಸತ್ತೆ."

"ಇದಾರೆ," ಎಂದುಬಿಟ್ಟಳು.

ಡಾಕ್ಟರು ತಿರುಗಿ ನೋಡಿದರು. "ನಿಮಗೆ ಪರಿಚಯನಾ?"

ಹೇಳಿಬಿಡಬಹುದಿತ್ತು. ಹೇಳಿದರೆ ಅವರು ಪೇಚಾಡುತ್ತಿದ್ದರು, ಕೈ ಮುಗಿಯುತ್ತಿದ್ದರು, ಕ್ಷಮೆ ಕೇಳುತ್ತಿದ್ದರು, ಆಮೇಲೆ ಸಕ್ಕರೆ ತೂಗಿ ಕೊಟ್ಟು ಕಳಿಸುತ್ತಿದ್ದರು.

"ಇಲ್ಲ, ಅಷ್ಟೇನೂ ಇಲ್ಲ," ಎಂದಳು.

"ಹೋಗ್ಲಿ ಬಿಡಿ, ಈಗಾದ್ರೂ ಅವರಿಗೆ ಸ್ವಲ್ಪ ವಿಶ್ರಾಂತಿ ಸಿಕ್ತಲ್ಲ." ಡಾಕ್ಟರು ಕೌಂಟರಿನ ಕಡೆ ಹೊರಟರು. "ಮತ್ತೆ, ನಿಮಗೆ ಇನ್ನೇನಾದ್ರೂ ಕೇಳೋದಿದೆಯಾ?"

ಗೋಡೆಯ ಗಡಿಯಾರದಲ್ಲಿ ಹನ್ನೊಂದಾಗಿತ್ತು. ಗಂಡ ಏಳಲಿಕ್ಕೆ ಇನ್ನೂ ಐದು ಗಂಟೆ ಇತ್ತು. ಅವಳು ಅಂಗಡಿಯ ಉದ್ದಕ್ಕೂ ಒಮ್ಮೆ ನೋಡಿದಳು, ಒಂದೊಂದು ಪೊಟ್ಟಣವೂ ಅವಳೇ ಕಟ್ಟಿ ಅವಳೇ ಇಟ್ಟದ್ದು.

"ಉಪ್ಪು ಎಲ್ಲಿದೆ," ಎಂದಳು, "ಸ್ವಲ್ಪ ಬಂದು ತೋರಿಸ್ತೀರಾ?"