ಕಿಲೋಗೆ ಎಪ್ಪತ್ತು ಗ್ರಾಂ

ಕೊಯ್ಲು ಮುಗಿದು ಬಿಸಿಲು ಬಲಿಯತೊಡಗಿತ್ತು. ಹೊಲದ ಕೆಲಸ ನಿಂತ ಇಂಥ ದಿನಗಳಲ್ಲೇ ಗುಜರಿ ಅಂಗಡಿಗೆ ಕೈತುಂಬ ಕೆಲಸ. ಸವೆದ ನೇಗಿಲ ಗುಳ, ತುಕ್ಕು ಹಿಡಿದ ಪೈಪು, ಸುಟ್ಟುಹೋದ ಪಂಪಿನ ಮೋಟಾರು ಒಂದೊಂದಾಗಿ ಬಂದು ಬೀಳುತ್ತಿದ್ದವು. ಗುಜರಿಯವನು ಬೆಳಗಿನಿಂದ ಮೋಟಾರು ಬಿಚ್ಚಿ ತಾಮ್ರವನ್ನು ಬೇರೆ ಮಾಡುತ್ತ ಕೂತಿದ್ದ. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಮನಸ್ಸು ಮಾತ್ರ ನಾಲ್ಕು ದಿನದ ಹಿಂದಿನ ಸ್ಪರ್ಧೆಯ ಅಂಗಳ ಬಿಟ್ಟು ಬಂದಿರಲಿಲ್ಲ.

ಹೈಸ್ಕೂಲಿನ ರೋಬೋಟ್ ತಂಡಕ್ಕೆ ಅವನು ಎರಡು ವರ್ಷದಿಂದ ಗುರು. ಹಳೆ ಸಾಮಾನು ಕೇಳಿಕೊಂಡು ಬಂದ ವಿಜ್ಞಾನದ ಮೇಷ್ಟ್ರು, "ಸಾಮಾನಿನ ಜೊತೆ ನೀವೂ ಬನ್ನಿ" ಎಂದಿದ್ದರು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ಆ ಮಾತಿಗೆ ಹಿಗ್ಗಿ ಹೀರೇಕಾಯಿ ಆಗಿದ್ದ. ಬೇರಿಂಗನ್ನು ಕಿವಿಯ ಹತ್ತಿರ ತಿರುಗಿಸಿ ಒಳ್ಳೆಯದೋ ಸವೆದದ್ದೋ ಹೇಳುವುದು, ಕಚ್ಚಿಕೊಂಡ ಬೋಲ್ಟನ್ನು ಮುರಿಯದೆ ಬಿಚ್ಚುವುದು, ಎಲ್ಲ ಕಲಿಸಿದ. ಮಕ್ಕಳು ಮಾಮ ಎಂದು ಕರೆದರು. ಶನಿವಾರ ಬಂತೆಂದರೆ ಅಂಗಡಿಯ ಹಿಂದಿನ ತಗಡಿನ ಸೂರಿನಡಿ ಅವರದೇ ರಾಜ್ಯ.

ಸ್ಪರ್ಧೆಯ ನಿಯಮದಂತೆ ರೋಬೋಟು ಹದಿನೈದು ಕಿಲೋ ಮೀರಬಾರದು. ತೂಕದ ಲೆಕ್ಕ ಇಡುವ ಕೆಲಸ ಒಬ್ಬ ಹುಡುಗಿಯದು. ಅವಳು ಒಂದು ನಟ್ಟನ್ನೂ ಬಿಡದೆ ಲೆಕ್ಕಕ್ಕೆ ಹಿಡಿಯುತ್ತಿದ್ದಳು. ಅದಕ್ಕೇ ಉಳಿದವರು ಅವಳಿಗೆ 'ಗ್ರಾಂ' ಎಂದು ಹೆಸರಿಟ್ಟಿದ್ದರು. ತೂಗಿದ್ದೆಲ್ಲ ಇವನ ಅಂಗಡಿಯ ತೂಕದ ಯಂತ್ರದಲ್ಲೇ. ಹೊರಡುವ ಹಿಂದಿನ ದಿನ ಇಡೀ ರೋಬೋಟನ್ನು ಇಟ್ಟಾಗ ಅದು ಹದಿನಾಲ್ಕು ಕಿಲೋ ಇನ್ನೂರು ಗ್ರಾಂ ತೋರಿಸಿತ್ತು.

ಸ್ಪರ್ಧೆಯವರ ಯಂತ್ರ ಹದಿನೈದು ಕಿಲೋ ಇನ್ನೂರ ಎಪ್ಪತ್ತು ತೋರಿಸಿತು.

ಆ ಕೆಂಪು ಅಂಕಿ ಕಂಡ ಕೂಡಲೇ ಗುಜರಿಯವನಿಗೆ ತನ್ನ ಯಂತ್ರ ನೆನಪಾಯಿತು. ಏಳು ವರ್ಷದ ಹಿಂದೆ ಅವನೇ ತನ್ನ ಯಂತ್ರವನ್ನು ಕಿಲೋಗೆ ಎಪ್ಪತ್ತು ಗ್ರಾಂ ಕಡಿಮೆ ತೋರಿಸುವಂತೆ ಮಾಡಿಟ್ಟಿದ್ದ. ಕೊಳ್ಳುವವನು ಅವನಲ್ಲವೇ, ಲಾಭವೂ ಅವನದೇ. ದಿನಾ ನೋಡಿ ನೋಡಿ ಆ ಸುಳ್ಳೇ ಅವನ ಕಣ್ಣಿಗೆ ತೂಕವಾಗಿಬಿಟ್ಟಿತ್ತು. ಮಕ್ಕಳು ಅದರ ಮೇಲೆ ರೋಬೋಟು ಇಟ್ಟಾಗ ಅವನಿಗೆ ನೆನಪೂ ಆಗಿರಲಿಲ್ಲ.

ಈಗ ನೆನಪಾದರೂ ಬಾಯಿ ಬಿಡಲಿಲ್ಲ. "ಇನ್ನೊಂದ್ಸಲ ತೂಗಿ" ಎಂದಷ್ಟೇ ಹೇಳಿದ. ಆಮೇಲೆ ತಾನೇ ಸ್ಪ್ಯಾನರ್ ಹಿಡಿದು ರೋಬೋಟಿನ ಎತ್ತುವ ಕೈಯನ್ನು ಬಿಚ್ಚಿದ. ಕೈಯಿಲ್ಲದ ರೋಬೋಟು ಅಂಗಳದಲ್ಲಿ ಸುಮ್ಮನೆ ಸುತ್ತು ಹೊಡೆದು ಕೊನೆಯ ಸ್ಥಾನಕ್ಕೆ ಬಂತು. ವಾಪಸು ಬರುವಾಗ ವ್ಯಾನಿನಲ್ಲಿ ಯಾರೋ, "ಬರ್ಕೊಳ್ಳೋದು ಬಿಟ್ರೆ ಇವಳಿಗೆ ಇನ್ನೇನು ಕೆಲಸ ಇತ್ತು? ಅದನ್ನೂ ಕೆಡಿಸಿದ್ಲು" ಎಂದರು. ಹುಡುಗಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಅವನು ಮುಂದಿನ ಸೀಟಿನಲ್ಲಿ ನಿದ್ದೆ ಬಂದವನಂತೆ ಕಣ್ಣು ಮುಚ್ಚಿಕೊಂಡ.

ಮಾರನೆಯ ಬೆಳಗ್ಗೆ ಅಂಗಡಿ ತೆರೆದವನೇ ಯಂತ್ರವನ್ನು ಸರಿಮಾಡಿದ. ಅಷ್ಟು ಮಾಡಿದರೆ ಮನಸ್ಸು ಹಗುರಾದೀತು ಎಂದುಕೊಂಡಿದ್ದ. ಆಗಲಿಲ್ಲ.

"ಮಾಮ."

ತಲೆಯೆತ್ತಿದರೆ ಬಾಗಿಲಲ್ಲಿ ಅದೇ ಹುಡುಗಿ. ಒಂದು ಕೈಯಲ್ಲಿ ನೋಟ್‌ಬುಕ್ಕು, ಇನ್ನೊಂದರಲ್ಲಿ ರೋಬೋಟಿನ ಚಕ್ರ. ರಟ್ಟು, ಬಾಟಲಿ ಆಯ್ದು ತರುವ ಅಜ್ಜಿ ಆಗಲೇ ತನ್ನ ಮೂಟೆಯ ಪಕ್ಕ ಸರದಿ ಕಾಯುತ್ತ ಕೂತಿದ್ದಳು.

"ಇದನ್ನ ಒಂದ್ಸಲ ತೂಗ್ಲಾ ಮಾಮ? ಎಲ್ಲಿ ತಪ್ಪಿದೆ ಅಂತ ಗೊತ್ತಾಗ್ಬೇಕು."

"ಆಗಿದ್ದು ಆಗೋಯ್ತು ಬಿಡಮ್ಮ."

"ನಿಮಗೆ ಆಗೋಯ್ತು. ನನಗೆ ಇನ್ನು ತಂಡಕ್ಕೆ ಬರ್ಬೇಡ ಅಂದಿದಾರೆ."

"ಮೊದಲು ಅವಳೇ ತೂಗ್ಲಿ ಬಿಡಪ್ಪ," ಎಂದಳು ಅಜ್ಜಿ. "ನಂಗೇನು ರೈಲು ತಪ್ಪೋದಿಲ್ಲ."

ಹುಡುಗಿ ಚಕ್ರವನ್ನು ಯಂತ್ರದ ಮೇಲಿಟ್ಟಳು. ಒಂದು ಕಿಲೋ. ನೋಟ್‌ಬುಕ್ಕಿನಲ್ಲಿ ಒಂಬೈನೂರ ಮೂವತ್ತು ಗ್ರಾಂ ಎಂದಿತ್ತು. ಎತ್ತಿ ಮತ್ತೆ ಇಟ್ಟಳು. ಅದೇ ಒಂದು ಕಿಲೋ.

"ಹಾಗಾದ್ರೆ ನಾನೇ ತಪ್ಪು ಬರ್ಕೊಂಡಿದೀನಿ," ಎಂದಳು ಮೆಲ್ಲಗೆ. "ಅವರು ಹೇಳಿದ್ದೇ ನಿಜ." ಪೆನ್ಸಿಲ್ ತೆಗೆದು ಆ ಸಾಲನ್ನು ಹೊಡೆದುಹಾಕಲು ಬಗ್ಗಿದಳು.

ಗುಜರಿಯವನು ನೋಡುತ್ತ ನಿಂತ. ಯಂತ್ರ ಸರಿಮಾಡುವ ಅವಸರದಲ್ಲಿ ಅವಳ ಪಾಲಿಗಿದ್ದ ಒಂದೇ ಸಾಕ್ಷಿಯನ್ನೂ ಅವನು ಅಳಿಸಿಹಾಕಿದ್ದ. ಇನ್ನು ಉಳಿದದ್ದು ಅವನ ಬಾಯಿ ಮಾತ್ರ.

"ಹೊಡೆದು ಹಾಕ್ಬೇಡ. ನೀನು ಬರೆದಿದ್ದು ಸರಿಯಾಗೇ ಇದೆ. ಆಗ ಯಂತ್ರ ಕಡಿಮೆ ತೋರಿಸ್ತಿತ್ತು."

"ಕೆಟ್ಟಿತ್ತಾ ಮಾಮ?"

ಹೂಂ ಎಂದರೆ ಸಾಕಿತ್ತು. ಹುಡುಗಿಯ ಹೆಸರೂ ಉಳಿಯುತ್ತಿತ್ತು, ಅವನದೂ ಉಳಿಯುತ್ತಿತ್ತು. ಅಜ್ಜಿ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ ಇವರ ಮಾತು ಕೇಳುತ್ತಿದ್ದಳು.

"ಕೆಟ್ಟಿರ್ಲಿಲ್ಲ. ನಾನೇ ಹಾಗೆ ಇಟ್ಟಿದ್ದೆ."

ಹುಡುಗಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅಜ್ಜಿಗೆ ಹಿಡಿಯಲಿಲ್ಲ, ಸೆರಗು ಕತ್ತಿನ ಮೇಲೆಯೇ ನಿಂತುಬಿಟ್ಟಿತು.

"ಸ್ಕೂಲಿಗೆ ಬಂದು ಎಲ್ಲರ ಮುಂದೆ ಇದನ್ನ ಹೇಳ್ತೀರಾ?" ಹುಡುಗಿ ಕೇಳಿದಳು. ಈ ಸಲ ಮಾಮ ಎನ್ನಲಿಲ್ಲ.

"ಹೇಳ್ತೀನಿ. ಈಗಲೇ ಅಂಗಡಿ ಮುಚ್ಚಿ ನಿನ್ ಜೊತೇನೇ ಬರ್ತೀನಿ."

"ಎಷ್ಟು ವರ್ಷ ಆಯ್ತು ಹಾಗಿಟ್ಟು?" ಎಂದಳು ಅಜ್ಜಿ.

"ಏಳು."

"ಏಳು. ವಾರಕ್ಕೆ ಎರಡು ಮೂಟೆ." ಅಜ್ಜಿ ನೆಲ ನೋಡುತ್ತ ಹೇಳಿದಳು. "ಈ ಮಗು ಹತ್ರ ಪುಸ್ತಕ ಇತ್ತು, ಕೇಳೋಕೆ ಬಂತು. ನನ್ನ ಹತ್ರ ಏನಿತ್ತಪ್ಪ?"

ಅಜ್ಜಿ ನಾಲ್ಕು ಮಾತು ಬೈದಿದ್ದರೆ ಅವನು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದ, ಅವಳು ಬೈಯಲಿಲ್ಲ. ಸೊಂಟ ಹಿಡಿದುಕೊಂಡು ಎದ್ದು, ಅವನು ಕೈ ಚಾಚಿದರೂ ಕೊಡದೆ, ಮೂಟೆಯನ್ನು ತಾನೇ ಎಳೆದು ಯಂತ್ರದ ಮೇಲಿಟ್ಟಳು.

"ಹನ್ನೊಂದು ಕಿಲೋ ನಾನೂರು," ಅವನು ಓದಿ ಹೇಳಿದ.

ಅಜ್ಜಿ ಅವನ ಮುಖ ನೋಡಲಿಲ್ಲ. ಹುಡುಗಿಯ ಕಡೆ ತಿರುಗಿ, "ಸರಿಯಾಗಿ ಹೇಳಿದ್ನಾ ಮಗಾ?" ಎಂದು ಕೇಳಿದಳು.

ಹುಡುಗಿ ಬಗ್ಗಿ ಅಂಕಿ ನೋಡಿ, ಹೌದೆಂದು ತಲೆಯಾಡಿಸಿದಳು.