ರೋಲರ್ ಸೀಟಿಗೆ ಕೊಟ್ಟ ಮರದ ತುಂಡು

ರಸ್ತೆ ರೋಲರ್ ಓಡಿಸೋನಿಗೆ ಸೊಂಟ ನೋವು ಬಂದರೆ ಯಾರು ಆಶ್ಚರ್ಯಪಡ್ತಾರೆ ಹೇಳಿ? ಅವನೂ ಪಡಲಿಲ್ಲ. ಮುಲಾಮು ತಿಕ್ಕಿಕೊಂಡ, ಹಲ್ಲು ಕಚ್ಚಿಕೊಂಡು ಕೆಲಸಕ್ಕೆ ಹೋದ. ಆದರೆ ಈಚೆಗೆ ಕಾಲು ಜುಮ್ಮೆನ್ನೋಕೆ ಶುರುವಾದಾಗ ಎದೆ ಧಸಕ್ಕೆಂದಿತು. ಕಾಲೇ ಕೈಕೊಟ್ಟರೆ ರೋಲರ್ ಹತ್ತೋದು ಹೇಗೆ?

"ಈ ಕೆಲಸ ಬಿಟ್ಟುಬಿಡಿ ಅಂದ್ರೆ ಕೇಳಲ್ಲ" ಅಂತ ಹೆಂಡತಿ ಗೊಣಗಿದಳು.

"ಬಿಟ್ಟು? ನನಗೆ ಬರೋದೇ ಇದೊಂದು!"

ಹೆಂಡತಿಯ ತಂಗಿ ಆರೋಗ್ಯ ಕೇಂದ್ರದಲ್ಲಿ ನರ್ಸು. ಅಕ್ಕ ಹೇಳಿಕಳಿಸಿದ್ದೇ ತಡ, ರಸ್ತೆ ಕೆಲಸದ ಜಾಗಕ್ಕೇ ಬಂದು ರೋಲರ್ ಹತ್ತಿ ಕೂತಳು. ಸೀಟು ಅಲುಗಲಿಲ್ಲ.

"ಭಾವ, ಇದು ಸ್ಪ್ರಿಂಗ್ ಸೀಟು ತಾನೇ? ಕಲ್ಲಿನ ಥರ ಇದೆಯಲ್ಲ!"

"ಸೀಟಿನ ಕೆಳಗೆ ಮರದ ತುಂಡು ಕೊಟ್ಟು ಬಿಗಿ ಮಾಡಿದ್ದೀನಿ" ಅಂದ, ಮೀಸೆ ಮೇಲೆ ಕೈಯಾಡಿಸುತ್ತಾ. "ತೊಟ್ಟಿಲಲ್ಲಿ ತೂಗೋಕೆ ನಾನೇನು ಹಸುಗೂಸಾ?"

ಅವಳು ಹಣೆ ಚಚ್ಚಿಕೊಂಡಳು. "ಅಯ್ಯೋ ಭಾವ! ಸೀಟು ಕುಣೀಲಿಲ್ಲ ಅಂದ್ರೆ ಆ ಕುಣಿತ ಎಲ್ಲಿಗೆ ಹೋಗುತ್ತೆ? ಸೀದಾ ನಿಮ್ಮ ಬೆನ್ನಿಗೆ!"

"ನನ್ನ ಮೂಳೆ ಗಟ್ಟಿ ಕಣಮ್ಮ."

"ಮೂಳೆ ಮೂಳೆ ನಡುವೆ ಮೆತ್ತೆ ಇರುತ್ತಲ್ಲ, ಅದರ ಗತಿ ಏನು? ಒಳಗೆ ರಕ್ತನಾಳ ಇಲ್ಲ ಅಂತಲೇ ಅನ್ನಿ. ಭಾರ ಬಿದ್ದಾಗ ನೀರು ಬಿಟ್ಟು, ಬಿಡುವು ಸಿಕ್ಕಾಗ ಹೀರಿಕೊಂಡು ಬದುಕುತ್ತೆ. ದಿನವಿಡೀ ಗಡಗಡ ಅದುರಿದರೆ ಪಾಪ, ಬಿಡುವೆಲ್ಲಿ? ಸುತ್ತಲಿನ ಸ್ನಾಯು ಸುಸ್ತಾಗುತ್ತೆ. ಮೆತ್ತೆ ಸವೆದು ಉಬ್ಬಿದರೆ ನರ ಒತ್ತುತ್ತೆ. ನಿಮ್ಮ ಕಾಲು ಜುಮ್ಮೆನ್ನೋದೂ ಅದಕ್ಕೇ ಇರಬಹುದು."

ಅವನ ಮುಖ ಇಳಿದುಹೋಯಿತು. "ಹಾಗಾದ್ರೆ ನನ್ನ ಕೆಲಸ ಮುಗೀತಾ?"

"ಯಾರು ಹಾಗಂದ್ರು? ತುಂಡು ತೆಗೀರಿ, ಸೀಟನ್ನ ನಿಮ್ಮ ತೂಕಕ್ಕೆ ಹೊಂದಿಸಿ. ಆಗಾಗ ಇಳಿದು ನಾಲ್ಕು ಹೆಜ್ಜೆ ನಡೀರಿ. ಇಳೀರಿ ಅಂದೆ, ಧುಮುಕಿ ಅನ್ನಲಿಲ್ಲ! ಇಳಿದ ಕೂಡಲೇ ಭಾರ ಎತ್ತೋಕೆ ಹೋಗಬೇಡಿ. ಮೊದಲು ಡಾಕ್ಟರಿಗೆ ತೋರಿಸಿ."

ಡಾಕ್ಟರು ಪರೀಕ್ಷೆ ಮಾಡಿ, "ಸಕಾಲಕ್ಕೆ ಬಂದೆ ಮಾರಾಯ" ಅಂದರು. ಸ್ವಲ್ಪ ದಿನ ಕೆಲಸಕ್ಕೆ ರಜೆ, ದಿನಾ ವ್ಯಾಯಾಮ. ನಿಧಾನಕ್ಕೆ ಜುಮ್ಮು ಇಳಿಯಿತು. ಅವನು ಮರದ ತುಂಡು ತೆಗೆದು, ಸೀಟು ಹೊಂದಿಸಿಕೊಂಡು ಮತ್ತೆ ರೋಲರ್ ಹತ್ತಿದ ದಿನ ಹೆಂಡತಿಗೆ ಖುಷಿಯಿಂದ ಕಣ್ಣು ತುಂಬಿ ಬಂತು.

"ಏನಣ್ಣ, ಉಯ್ಯಾಲೆ ಆಟ ಜೋರಾ?" ಅಂತ ಟಿಪ್ಪರ್ ಓಡಿಸುವ ಗೆಳೆಯ ರೇಗಿಸಿದ.

"ಹೂಂ ಕಣೋ. ನೀನೂ ಆಡು, ಸೊಂಟ ಉಳಿಯುತ್ತೆ."

ಟ್ರ್ಯಾಕ್ಟರ್, ಲಾರಿ, ರೋಲರ್ ಓಡಿಸುವ ಅಣ್ಣಂದಿರೇ, ಅಕ್ಕಂದಿರೇ, ಇವತ್ತೇ ನಿಮ್ಮ ಸೀಟು ಒತ್ತಿ ನೋಡಿ. ಕೆಟ್ಟಿದ್ದರೆ ಮಾಲೀಕರಿಗೆ ಹೇಳಿ ಸರಿ ಮಾಡಿಸಿ. ಕಾಲು ಜುಮ್ಮೆಂದರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ಕಾಲಿನ ಶಕ್ತಿ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ಆ ಕ್ಷಣವೇ ಆಸ್ಪತ್ರೆಗೆ ಓಡಿ. ಗಾಡಿಯ ಬಿಡಿಭಾಗ ಅಂಗಡೀಲಿ ಸಿಗುತ್ತೆ, ಬೆನ್ನಿನದನ್ನ ಎಲ್ಲಿಂದ ತರ್ತೀರಿ?