ಹುರಿದ ಕಾಫಿಬೀಜದ ಹೊಗೆ

ಕಾಫಿಬೀಜ ಹುರಿದ ಬಾಣಲೆಯನ್ನು ಅಮ್ಮ ಮೊದಲು ಅಣ್ಣ ಬುಶಾರಾನ ಮೂಗಿನ ಹತ್ತಿರ ಹಿಡಿಯುತ್ತಿದ್ದಳು. ಅವನು ಕಣ್ಣು ಮುಚ್ಚಿ ಹೊಗೆ ಎಳೆದುಕೊಂಡು "ಘಮ್ ಅಂತಿದೆ ಕಣಮ್ಮ" ಅಂದ ಮೇಲೆಯೇ ಬೀಜ ಕುಟ್ಟುವುದು. ಸುಡಾನಿನ ಓಂದುರ್ಮಾನ್ ಊರಿನ ನಮ್ಮ ಮನೆಯ ಶುಕ್ರವಾರಗಳೆಲ್ಲ ಹಾಗೆಯೇ.

ಮೂಗು ಕಟ್ಟುತ್ತದೆ ಎಂದು ಅವನು ಹೇಳಿದಾಗಲೆಲ್ಲ, ಮೂಗಿನ ಡಾಕ್ಟರಾದ ನಾನು ನಕ್ಕಿದ್ದೆ. "ಈ ಧೂಳಲ್ಲಿ ಯಾರ ಮೂಗು ಕಟ್ಟಲ್ಲ ಹೇಳು? ಡ್ರಾಪ್ಸ್ ಹಾಕ್ಕೋ."

ಒಂದು ಶುಕ್ರವಾರ ಅಮ್ಮ ಮಾತಿಗೆ ಕೂತು ಬೀಜ ಸೀದುಹೋದವು. ಚೇಷ್ಟೆಗೆಂದು ಆ ಬಾಣಲೆಯನ್ನೇ ಅಣ್ಣನ ಮೂಗಿಗೆ ಹಿಡಿದಳು. ನನಗೆ ಕೆಮ್ಮು ಬಂತು. ಅವನು ಮಾತ್ರ ಕಣ್ಣು ಮುಚ್ಚಿ, "ಘಮ್ ಅಂತಿದೆ ಕಣಮ್ಮ" ಅಂದ. ಅವನ ಮುಖವನ್ನು ನಾನು ಡಾಕ್ಟರಾಗಿ ನೋಡಿದ್ದು ಆಗಲೇ. ಎಡಗಣ್ಣು ಮುಂದಕ್ಕೆ ಉಬ್ಬಿತ್ತು.

ಸ್ಕ್ಯಾನ್ ಮಾಡಿದರೆ, ಶಿಲೀಂಧ್ರ ಮೂಗಿನ ಪಕ್ಕದ ಸೈನಸ್ ಗೂಡುಗಳನ್ನೆಲ್ಲ ತುಂಬಿ, ಮೂಳೆ ಕೊರೆದು ಮಿದುಳಿಗೆ ತಾಗಿತ್ತು. ಎರಡು ಸಲ ಆಪರೇಷನ್ ಮಾಡಿದೆವು, ತಿಂಗಳುಗಟ್ಟಲೆ ಔಷಧಿ ಕೊಟ್ಟೆವು. ಅವನು ಉಳಿಯಲಿಲ್ಲ.

ಮೂರನೆಯ ದಿನ, ಸಾವಿನ ಮನೆಗೆ ಬಂದವರಿಗಾಗಿ ಬೀಜ ಹುರಿಯುತ್ತ ಅಮ್ಮ ಕೇಳಿದಳು, "ಎಷ್ಟು ದಿನದಿಂದ ಅವನಿಗೆ ವಾಸನೆ ಗೊತ್ತಾಗ್ತಿರಲಿಲ್ಲ?"

"ಎರಡು ವರ್ಷ ಆಗಿರಬೇಕಮ್ಮ."

"ನಂಗೆ ಬೇಜಾರಾಗುತ್ತೆ ಅಂತ ಸುಳ್ಳು ಹೇಳ್ದ," ಅಂದಳು. "ನಿಂಗೆ ನಿಜಾನೇ ಹೇಳಿದ್ನಲ್ಲ."